ಮಲ್ಲಿಯ ನಾಡಿ, ನನ್ನ ಬಳೆ

ಮದುವೆ ಮೆರವಣಿಗೆಯ ಕುದುರೆ ಮಲ್ಲಿ ನಮ್ಮ ಹೊಲಕ್ಕೆ ಬಂದು ನಾಲ್ಕು ದಿನವಾಗಿತ್ತು. ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಪಕ್ಕದ ಹೊಲದವರು ಹಕ್ಕಿ ಓಡಿಸಲು ಖಾಲಿ ಡಬ್ಬಿಯೊಂದನ್ನು ಕೋಲಿನಿಂದ ಬಡಿಯತೊಡಗಿದರು. ನಾಲ್ಕನೇ ಪೆಟ್ಟಿಗೋ ಐದನೇ ಪೆಟ್ಟಿಗೋ ಮಲ್ಲಿ ಕಣಿಕೆ ಮೇಯುವುದನ್ನು ಬಿಟ್ಟು ತಲೆ ಎತ್ತಿದಳು. ಮುಂಗಾಲುಗಳನ್ನು ಒಂದಾದ ಮೇಲೊಂದು ಎದೆಮಟ್ಟಕ್ಕೆ ಎತ್ತಿ ಇಡುತ್ತಾ ಕುಣಿಯತೊಡಗಿದಳು. ಹಗ್ಗವಿಲ್ಲ, ಲಗಾಮಿಲ್ಲ, ಬೆನ್ನ ಮೇಲೆ ಯಾರೂ ಇಲ್ಲ. ಬೇಲಿಯೊಳಗೆ ಒಬ್ಬಳೇ, ಡಬ್ಬಿಯ ತಾಳಕ್ಕೆ ಸರಿಯಾಗಿ ಕುಣಿಯುತ್ತಿದ್ದಳು.

ನನ್ನ ಮಗ ಖುಷಿಯಿಂದ ಚಪ್ಪಾಳೆ ತಟ್ಟಿದ. ಕಟ್ಟೆಯ ಮೇಲೆ ಕೂತು ನಾಲಿನ ಮೊಳೆ ವಿಂಗಡಿಸುತ್ತಿದ್ದ, ಕುದುರೆಗೆ ಲಾಳ ಕಟ್ಟುವ ನಾಲ್‌ಬಂದ ಚಾಚಾ ತಲೆ ಎತ್ತದೆಯೇ, "ತಟ್ಟಬೇಡ ಮಗನೇ, ಅವಳಿಗೆ ತಿಂದ ಪೆಟ್ಟು ನೆನಪಾಗುತ್ತಿದೆ" ಎಂದರು.

ಡಬ್ಬಿ ನಿಂತ ಮೇಲೂ ಅವಳ ಕಾಲು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಡಿಸೆಂಬರಿನ ಬೀದರ್ ಚಳಿಯಲ್ಲಿ, ಬೆಳಗಿನ ಏಳೂವರೆಗೆ, ಅವಳ ತೊಡೆಯ ಸಂದಿಯಲ್ಲಿ ಬೆವರು ನೊರೆಗಟ್ಟಿತ್ತು.

ಮದುವೆ ಮೆರವಣಿಗೆಯ ಕುದುರೆಗೆ ಕುಣಿತ ಕಲಿಸುವ ಬಗೆಯನ್ನು ಚಾಚಾ ಆಮೇಲೆ ವಿವರಿಸಿದರು. ಕುದುರೆಯನ್ನು ಎರಡು ಗೂಟಗಳ ನಡುವೆ ಬಿಗಿದು ಕಟ್ಟುತ್ತಾರೆ. ಒಬ್ಬ ಡೋಲು ಬಡಿಯುತ್ತಾನೆ. ಪ್ರತಿ ಪೆಟ್ಟಿಗೂ ಇನ್ನೊಬ್ಬ ಮೊಳಕಾಲಿನ ಕೆಳಗಿನ ಮೂಳೆಗೆ ಕೋಲಿನಿಂದ ಹೊಡೆಯುತ್ತಾನೆ. ಎತ್ತಿದ ಕಾಲಿಗೆ ಪೆಟ್ಟು ತಪ್ಪುತ್ತದೆ. ಕೆಲವು ವಾರಗಳಲ್ಲಿ ಕೋಲೇ ಬೇಕಾಗುವುದಿಲ್ಲ, ಡೋಲು ಸಾಕು. ಜೊತೆಗೆ ಬಾಯಿಗೆ ಮುಳ್ಳಿನ ಕಡಿವಾಣ. ಪ್ರಾಣಿಹಿಂಸೆ ತಡೆಯುವ 1965ರ ನಿಯಮಗಳಲ್ಲೇ ಅದನ್ನು ನಿಷೇಧಿಸಲಾಗಿದೆ. ಮಲ್ಲಿಯ ಬಾಯಿಯ ಎರಡೂ ಮೂಲೆಗಳಲ್ಲಿ ಕೂದಲು ಬೆಳೆಯದ ಬಿಳಿ ಗೆರೆಗಳಿವೆ. ಅವಳ ನಾಲಿಗೆಯ ಮೇಲಿನ ಕಲೆಯನ್ನು ಮೊದಲ ಸಲ ನೋಡಿದ ದಿನವೇ, ಈ ಬಾಯಿಗೆ ಇನ್ನು ಕಬ್ಬಿಣ ಹಾಕುವುದಿಲ್ಲ ಎಂದು ನಿರ್ಧರಿಸಿದೆ. ಇವತ್ತಿಗೂ ಅವಳಿಗೆ ಹಗ್ಗದ ಮುಖಪಟ್ಟಿ ಮಾತ್ರ.

ನಾನು ಬೀದರ್‌ನ ಒಂದು ಆಸ್ಪತ್ರೆಯಲ್ಲಿ 17 ವರ್ಷಗಳಿಂದ ಸ್ಟಾಫ್ ನರ್ಸ್. ನಮ್ಮ ಮುತ್ಯಾ ಇದೇ ಊರಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಚೌಬಾರದಿಂದ ರೈಲು ನಿಲ್ದಾಣದವರೆಗೆ ಅವರ ಪಕ್ಕದಲ್ಲಿ ಕೂತು ಹೋಗಿದ್ದೇ ಕುದುರೆಯ ಬಗ್ಗೆ ನನಗಿರುವ ಮೊದಲ ನೆನಪು. ಬಹುದೂರದ ಸವಾರಿಯ ಬಗ್ಗೆ ಗೊತ್ತಾಗಿದ್ದು ಬಹಳ ತಡವಾಗಿ, ಸೇನೆಯ ಕುದುರೆ ದಳದಿಂದ ನಿವೃತ್ತರಾಗಿ ಬಂದ ಒಬ್ಬ ರೋಗಿಯ ಮಂಚದ ಪಕ್ಕದಲ್ಲಿ. ಒಂದೇ ದಿನದಲ್ಲಿ 160 ಕಿ.ಮೀ. ಸಾಗುವ ಸ್ಪರ್ಧೆಗಳಿವೆ ಎಂದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೂರವಲ್ಲ. ದಾರಿಯಲ್ಲಿ ಹಲವು ಕಡೆ ಪಶುವೈದ್ಯರು ಕುದುರೆಯನ್ನು ತಡೆದು ಪರೀಕ್ಷಿಸುತ್ತಾರೆ, ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಮುಂದೆ ಬಿಡುವುದಿಲ್ಲ ಎಂದರು. ಒಸಡು ಒತ್ತಿ ರಕ್ತ ಎಷ್ಟು ಬೇಗ ಮರಳುತ್ತದೆ ಎಂದು ನೋಡುತ್ತಾರಂತೆ. ಚರ್ಮ ಚಿವುಟಿ ನೀರಿನಂಶ ತಿಳಿಯುತ್ತಾರಂತೆ. ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳಿ, ಕೊನೆಗೆ ಕುದುರೆಯನ್ನು ಓಡಿಸಿ ಕುಂಟುತ್ತಿದೆಯೇ ಎಂದು ನೋಡುತ್ತಾರಂತೆ. ಸವಾರ ಎಷ್ಟೇ ಹಟ ಹಿಡಿದರೂ ಕೊನೆಯ ಮಾತು ಕುದುರೆಯ ದೇಹದ್ದು. ಇದು ನನಗೆ ಅರ್ಥವಾಗುವ ಆಟ ಅನ್ನಿಸಿತು.

ಈ ಸೀಮೆಗೆ ಕುದುರೆ ಹೊಸದೇನಲ್ಲ. ಹದಿನೈದನೇ ಶತಮಾನದಲ್ಲಿ ಬೀದರ್‌ಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆಯನ್ನು ಸಮುದ್ರ ದಾಟಿಸಿ ತಂದು, ದಾರಿಯಲ್ಲಿ ಅದನ್ನು ಕಳೆದುಕೊಂಡು, ಮತ್ತೆ ಪಡೆದು, ಕೊನೆಗೆ ನಮ್ಮ ಬೀದರ್‌ನಲ್ಲೇ ಮಾರಿದ. ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆದಿಟ್ಟಿದ್ದಾನೆ. ಇಲ್ಲಿಯವರು ಕುದುರೆಗೆ ಕಡಲೆಯನ್ನೂ ಸಕ್ಕರೆ, ಎಣ್ಣೆ ಹಾಕಿದ ಕಿಚಡಿಯನ್ನೂ ತಿನ್ನಿಸುತ್ತಾರೆ ಎಂದೂ ಬರೆದಿದ್ದಾನೆ. ಚಾಚಾಗೆ ಇದನ್ನು ಹೇಳಿದಾಗ ಅವರು ಗಂಭೀರವಾಗಿ ಯೋಚಿಸಿ, "ಸಕ್ಕರೆ ಬೇಡ ಬೇಟಿ, ನೆನೆಸಿದ ಹುರಳಿ ಸಾಕು" ಎಂದರು.

ಮಲ್ಲಿಯನ್ನು ನೋಡಿ ಎಲ್ಲರೂ ಬಿಳಿ ಕುದುರೆ ಎನ್ನುತ್ತಾರೆ. ಚಾಚಾ ಅವಳ ಮೂತಿಯ ಕೂದಲು ಸರಿಸಿ ತೋರಿಸಿ, "ಇವಳು ನುಕ್ರಾ ಅಲ್ಲ, ಸಬ್ಜಾ. ಒಳಗೆ ಚರ್ಮ ಕಪ್ಪಿದೆ ನೋಡು, ಬಿಸಿಲು ತಡೆಯುತ್ತಾಳೆ" ಎಂದಿದ್ದರು. ನುಕ್ರಾ ಎಂದರೆ ಹುಟ್ಟಿನಿಂದಲೇ ಬಿಳಿ; ಸಬ್ಜಾ ಎಂದರೆ ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಕಳೆದಂತೆ ಬೆಳ್ಳಗಾದ ಕುದುರೆ. ಕಿವಿಗಳ ತುದಿ ಒಳಕ್ಕೆ ಬಾಗಿವೆ, ಮಾರವಾಡಿ ತಳಿಯ ರಕ್ತ ಸ್ವಲ್ಪ ಇರಬೇಕು. ಕಾಲಿನ ಮೂಳೆ ಗಟ್ಟಿ, ಉಸಿರು ದೊಡ್ಡದು. ಕೊರತೆ ಒಂದೇ: ಮನುಷ್ಯ ಹತ್ತಿರ ಬಂದರೆ ಅವಳ ಚರ್ಮವೆಲ್ಲ ನೊಣ ಕೂತಂತೆ ನಡುಗುತ್ತಿತ್ತು.

ಮೊದಲ ತಿಂಗಳು ನಾನು ಮಾಡಿದ್ದು ನರ್ಸಿನ ಕೆಲಸವನ್ನೇ. ಆಸ್ಪತ್ರೆಯಲ್ಲಿ ಮಂಚದ ಕಾಲಿಗೆ ತೂಗುಹಾಕುವಂಥದ್ದೇ ಒಂದು ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮಾಡಿಕೊಂಡೆ: ಹೊತ್ತು, ನಾಡಿ, ಉಸಿರು, ಏನಾಯಿತು. ನಾಡಿ ಸಿಗುವುದೇ ಕಷ್ಟವಾಗಿತ್ತು. ಕುದುರೆಗೆ ಕೆಳದವಡೆಯ ಒಳ ಅಂಚಿನಲ್ಲಿ ಒಂದು ರಕ್ತನಾಳ ಮೂಳೆಯ ಮೇಲೆ ಹಾದುಹೋಗುತ್ತದೆ. ಬೆರಳು ಇಟ್ಟರೆ ಹಸಿ ಹುಣಸೆನಾರಿನಂತೆ ಜಾರುತ್ತದೆ. ಒತ್ತಿದರೆ ಬಡಿತ ಮಾಯ, ಸಡಿಲ ಬಿಟ್ಟರೆ ನಾಳವೇ ಮಾಯ. ಎರಡು ಬೆರಳಿನ ತುದಿಯನ್ನು ಮೂಳೆಯ ಅಂಚಿಗೆ ತಾಗಿಸಿ, ಉಸಿರು ಬಿಗಿಹಿಡಿಯದೆ ಕಾಯಬೇಕು. ನಾನು ಉಸಿರು ಹಿಡಿದರೆ ಅವಳೂ ಹಿಡಿಯುತ್ತಿದ್ದಳು. ಅಷ್ಟು ಹತ್ತಿರ ಹೋಗಲು ಬಿಟ್ಟಿದ್ದೇ ಹತ್ತೊಂಬತ್ತನೇ ದಿನ. ಅದೂ ನೇರ ಮುಖದ ಕಡೆಯಿಂದ ಹೋಗದೆ, ಎಡ ಹೆಗಲಿನ ಕಡೆಯಿಂದ ಓರೆಯಾಗಿ ಹೋದಾಗ. ಕುದುರೆಯ ಕಣ್ಣು ಪಕ್ಕಕ್ಕಿರುವುದರಿಂದ ಹಣೆಯ ಎದುರಿಗೇ ಬಂದ ಕೈ ಅದಕ್ಕೆ ಕಾಣುವುದಿಲ್ಲ. ಪ್ರೀತಿಯಿಂದ ಹಣೆ ಸವರಲು ಹೋಗುವವರು ಕುದುರೆಯ ಪಾಲಿಗೆ ಇದ್ದಕ್ಕಿದ್ದಂತೆ ಮಾಯವಾದ ಕೈ ಮಾತ್ರ. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಇರುವ ಉಬ್ಬನ್ನು ಬೆರಳಿನಿಂದ ತುರಿಸಿದರೆ ಎದೆಬಡಿತ ಇಳಿಯುತ್ತದೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗವೂ ಅದೇ.

ಸುಮ್ಮನೆ ನಿಂತ ದೊಡ್ಡ ಕುದುರೆಯ ಬಡಿತ ನಿಮಿಷಕ್ಕೆ 28ರಿಂದ 44. ಆ ಹತ್ತೊಂಬತ್ತನೇ ದಿನ ಸಿಕ್ಕ ಮೊದಲ ಲೆಕ್ಕ 72. ಅವಳು ನಿಂತೇ ಇದ್ದಳು, ಓಡುತ್ತಿರಲಿಲ್ಲ.

ಆ ಪಟ್ಟಿ ನನ್ನ ಊಹೆಗಳನ್ನೆಲ್ಲ ತಲೆಕೆಳಗು ಮಾಡಿತು. ನಮ್ಮ ಹೊಲ ಅಷ್ಟೂರಿನ ದಾರಿಯಲ್ಲಿದೆ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ಹಾಕ್ ವಿಮಾನಗಳು ತಲೆಯ ಮೇಲೆಯೇ ಸುತ್ತುತ್ತವೆ. ಆಕಾಶದಲ್ಲಿ ಕಸರತ್ತು ತೋರುವ ಸೂರ್ಯಕಿರಣ ತಂಡ ಅಭ್ಯಾಸ ಮಾಡುವ ದಿನವಂತೂ ಹೆಂಚು ಅದುರುತ್ತದೆ. ಮಲ್ಲಿಗೆ ಅದೇ ದೊಡ್ಡ ಭಯವಿರಬೇಕು ಎಂದುಕೊಂಡಿದ್ದೆ. ಪಟ್ಟಿ ನೋಡಿದರೆ ವಿಮಾನ ಬಂದಾಗ ಬಡಿತ 40ರಿಂದ 46ಕ್ಕೆ ಏರಿ ಅರ್ಧ ನಿಮಿಷದಲ್ಲಿ ಇಳಿದಿತ್ತು. ಆಕಾಶದ ಸದ್ದು ಅವಳನ್ನು ಯಾವತ್ತೂ ಹೊಡೆದಿರಲಿಲ್ಲ. ಆದರೆ ಕೆಲವು ದಿನ, ಏನೂ ಇಲ್ಲದ ಹೊತ್ತಿನಲ್ಲಿ, ನಾನು ಬೇಲಿ ದಾಟಿ ಒಳಗೆ ಬಂದ ಕೂಡಲೇ ಬಡಿತ 80ರ ಮೇಲೆ. ಇನ್ನು ಕೆಲವು ದಿನ ಅದೇ ನಾನು, ಅದೇ ಹೊತ್ತು, 44. ಏಕೆಂದು ಹೊಳೆಯಲಿಲ್ಲ. ಹುರಳಿಯ ಬುಟ್ಟಿ ಬದಲಿಸಿದೆ, ಸೋಪು ಬದಲಿಸಿದೆ, ಚಪ್ಪಲಿ ಬಿಟ್ಟು ಬಂದೆ.

ಒಂದು ಭಾನುವಾರ ಪಟ್ಟಿಯ ಪಕ್ಕದಲ್ಲಿ ನನ್ನ ಡ್ಯೂಟಿಯ ದಿನಗಳನ್ನು ಬರೆದು ನೋಡಿದೆ. ಆಸ್ಪತ್ರೆಯಿಂದ ನೇರ ಬಂದ ದಿನಗಳಲ್ಲೆಲ್ಲ ಬಡಿತ ಕಡಿಮೆ. ರಜೆಯ ದಿನ, ಮನೆಯಿಂದ ಬಂದಾಗಲೆಲ್ಲ ಹೆಚ್ಚು. ಡ್ಯೂಟಿಯಲ್ಲಿ ನಾವು ಬಳೆ ತೊಡುವಂತಿಲ್ಲ. ಮನೆಗೆ ಬಂದು ಕೈತೊಳೆದ ಮೇಲೆ ಹಸಿರು ಗಾಜಿನ ಬಳೆ, ಕೈಗೆ ಆರರಂತೆ ಹನ್ನೆರಡು.

ಬೇಲಿಯ ಹೊರಗೆ ನಿಂತು ಕೈ ಅಲ್ಲಾಡಿಸಿದೆ. ಗಲ್ ಎಂದಿತು. ಮಲ್ಲಿಯ ಎಡಗಾಲು ನೆಲದಿಂದ ಮೇಲೆದ್ದಿತು. ಮದುವೆ ಕುದುರೆಯ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಇಷ್ಟು ದಿನ ನಾನೇ ಅವಳ ಡೋಲಾಗಿ ಓಡಾಡುತ್ತಿದ್ದೆ.

ಬಳೆ ತೆಗೆದಿಟ್ಟೆ. ಅತ್ತೆಗೆ ಅದು ಸರಿಬರಲಿಲ್ಲ. "ಮುತ್ತೈದೆ ಬರಿಗೈಯಲ್ಲಿ ಹೊಲಕ್ಕೆ ಹೋಗುವುದೇ? ನೋಡಿದವರು ಏನೆಂದುಕೊಳ್ಳುತ್ತಾರೆ?" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಆ ಅಂಜಿಕೆಗೂ ಒಂದು ಚರಿತ್ರೆ ಇದೆ. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ದಿನ ಅವರ ಬಳೆ ಒಡೆಯಲು ಬಂದ ಹೆಂಗಸರನ್ನು ನನ್ನ ಗಂಡ ಬಾಗಿಲಲ್ಲೇ ತಡೆದಿದ್ದರು. ಅತ್ತೆಯ ಕೈಯಲ್ಲಿ ಇವತ್ತಿಗೂ ಬಳೆ ಇದೆ. ಅದಕ್ಕೇ ಬರಿಗೈ ಎಂದರೆ ಅವರಿಗೆ ಸಣ್ಣ ಸಂಗತಿಯಲ್ಲ. ನಾನು ಪಟ್ಟಿಯನ್ನು ತಂದು ತೋರಿಸಿದೆ, ಎಂಬತ್ತನ್ನೂ ನಲವತ್ತನಾಲ್ಕನ್ನೂ ಬೆರಳಿಟ್ಟು ಓದಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಒಂದೇ ತೊಟ್ಟುಕೊಂಡು ಹೋಗು. ಒಂದು ಬಳೆ ಸದ್ದು ಮಾಡುವುದಿಲ್ಲ" ಎಂದರು.

ನನಗೆ ಹೊಳೆಯದ ಉಪಾಯ ಅದು. ಒಂದು ಬಳೆ ಐದು ದಿನ. ಆಮೇಲೆ ಎರಡು; ಆಗಾಗ ಸಣ್ಣದೊಂದು ಕಿಣಿ. ಕಿಣಿ ಎಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದೆ, ಅವಳ ಕಿವಿ ಸಡಿಲವಾಗುವವರೆಗೆ. ಬಡಿತ 48ರ ಕೆಳಗೆ ಮೂರು ದಿನ ನಿಂತರೆ ಮಾತ್ರ ಮೂರನೇ ಬಳೆ. ಆರನೆಯದಕ್ಕೆ ಮತ್ತೆ 76ಕ್ಕೆ ಹಾರಿತು, ನಾಲ್ಕಕ್ಕೆ ಇಳಿದೆವು. ಸಂಜೆ ಬಾಗಿಲಲ್ಲೇ ಅತ್ತೆಯ ಪ್ರಶ್ನೆ ಕಾದಿರುತ್ತಿತ್ತು: "ಇವತ್ತು ಎಷ್ಟು?" ಬಡಿತ ಎಷ್ಟು ಎಂದು ಕೇಳುತ್ತಿದ್ದರೋ, ಬಳೆ ಎಷ್ಟು ಎಂದೋ, ಎರಡನ್ನೂ ಹೇಳುತ್ತಿದ್ದೆ. ಹನ್ನೆರಡು ಬಳೆ ತಲುಪಲು ಯುಗಾದಿ ದಾಟಿತು.

ಜೀನು ಹಾಕಿದ್ದು, ಹತ್ತಿದ್ದು ಇದರ ಮುಂದೆ ಸುಲಭ. ಎರಡು ತಿಂಗಳು ಹಗ್ಗ ಹಿಡಿದು ಪಕ್ಕದಲ್ಲಿ ನಡೆದೆ. ನೌಬಾದಿನ ಸುರಂಗ ಬಾವಿಯ ಬಾಯಿಗಳ ಬಳಿ ಅವಳು ಮೂಸಿ ನೋಡುವವರೆಗೆ ನಿಂತೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಬಂದಾಗ ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿದೆ.

ಒಂದು ದಿನ ತಪ್ಪು ಮಾಡಿದೆ. ಎರಡು ಗಂಟೆಗೆ ಡ್ಯೂಟಿ ಇತ್ತು, ಅವಸರದಲ್ಲಿದ್ದೆ. ದಾರಿಯಲ್ಲಿ ಮದುವೆಯ ಹಂದರ ಹಾಕುತ್ತಿದ್ದರು. ಇನ್ನೂ ಬ್ಯಾಂಡಿಲ್ಲ, ಬರೀ ಬಿದಿರು ಮತ್ತು ಬಟ್ಟೆ. ಮಲ್ಲಿ ಮೊದಲು ಕಿವಿ ಚೂಪು ಮಾಡಿದಳು. ಆಮೇಲೆ ನಿಂತಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ಮೂರು ಸಲ ಒಲ್ಲೆ ಎಂದಳು. ನಾನು ಹಿಮ್ಮಡಿಯಿಂದ ಒತ್ತಿದೆ. ನಾಲ್ಕನೇ ಸಲ ಹೇಳಲು ಅವಳ ಬಳಿ ಓಟ ಬಿಟ್ಟು ಬೇರೇನೂ ಉಳಿದಿರಲಿಲ್ಲ. ರಸ್ತೆಯ ಮೋರಿಯ ಬಳಿ ನಾನು ಬಿದ್ದೆ, ಮಣಿಕಟ್ಟು ಊದಿತು. ಅವಳು ಸಿಕ್ಕಿದ್ದು ಒಂದು ಗಂಟೆಯ ನಂತರ, ಅಷ್ಟೂರಿನ ಗುಮ್ಮಟಗಳ ಆಚೆ ಬೇವಿನ ಮರದ ಕೆಳಗೆ. ಜೀನು ಹೊಟ್ಟೆಯ ಕೆಳಕ್ಕೆ ತಿರುಗಿತ್ತು. ನನ್ನನ್ನು ನೋಡಿ ಕಾಲೆತ್ತಿ ಕುಣಿಯತೊಡಗಿದಳು. ಆ ಕುಣಿತದಷ್ಟು ನನ್ನ ಮಣಿಕಟ್ಟು ನೋಯಲಿಲ್ಲ. ಮರುದಿನದಿಂದ ಮತ್ತೆ ಒಂದೇ ಬಳೆ.

ಇಲ್ಲಿ ಚಾಚಾಗೂ ನನಗೂ ಅಭಿಪ್ರಾಯ ಬೇರೆ. ಒಲ್ಲೆ ಎಂದಾಗಲೆಲ್ಲ ಬಿಟ್ಟುಕೊಟ್ಟರೆ ಕುದುರೆ ಒಲ್ಲೆ ಎನ್ನುವುದನ್ನೇ ಕಲಿಯುತ್ತದೆ ಎನ್ನುತ್ತಾರೆ ಅವರು. ಐವತ್ತು ವರ್ಷ ನಾಲ್‌ಬಂದರಾಗಿ ದುಡಿದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಲ್ಲಿಯ ಬದುಕಿನಲ್ಲಿ ಅದುವರೆಗೆ ಅವಳ ಒಲ್ಲೆ ಒಮ್ಮೆಯೂ ನಡೆದಿರಲಿಲ್ಲ. ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡರೆ ಅವಳು ಕಾಲಿನಲ್ಲಿ ಹೇಳಬೇಕಾಗುವುದಿಲ್ಲ. ಈಗ ಕಿವಿ ಚೂಪಾದರೆ ನಿಲ್ಲುತ್ತೇನೆ, ಎರಡು ಹೆಜ್ಜೆ ಹಿಂದೆ ಹೋಗುತ್ತೇನೆ, ಅವಳು ತಲೆ ಇಳಿಸಿ ಬಾಯಾಡಿಸುವವರೆಗೆ ಕಾಯುತ್ತೇನೆ, ಮತ್ತೆ ಕೇಳುತ್ತೇನೆ. ಹತ್ತಕ್ಕೆ ಎಂಟು ಸಲ ತಾನೇ ಮುಂದೆ ಹೋಗುತ್ತಾಳೆ. ಉಳಿದ ಎರಡು ಸಲ ಸುತ್ತುಬಳಸಿ ಹೋಗುತ್ತೇವೆ. ಬಹುದೂರದ ಸವಾರಿಯಲ್ಲಿ ಇದು ಬರೀ ಮರುಕದ ಮಾತಲ್ಲ. ಹೆದರಿದ ಕುದುರೆ ಅಪರಿಚಿತ ಜಾಗದಲ್ಲಿ ನೀರು ಕುಡಿಯುವುದಿಲ್ಲ. ಬಿಸಿಲಲ್ಲಿ ಗಂಟೆಗೆ 10ರಿಂದ 15 ಲೀಟರ್ ಬೆವರು ಸುರಿಸಬಲ್ಲ ಪ್ರಾಣಿ ಅದು. ಆ ಬೆವರಿನಲ್ಲಿ ಅದರ ರಕ್ತಕ್ಕಿಂತ ಹೆಚ್ಚು ಉಪ್ಪಿರುತ್ತದೆ. ನೀರು ಮುಟ್ಟದೆ ಓಡಿದರೆ ಕರುಳಿನ ಚಲನೆಯೇ ನಿಂತುಹೋಗಬಹುದು. ಮಲ್ಲಿಗೆ ಕಮಠಾಣಾದ ದಾರಿಯ ಕೊಳವೆಬಾವಿ ತೊಟ್ಟಿಯಲ್ಲಿ, ಮೇಲೆ ಕೂತ ನನ್ನ ಭಾರದೊಂದಿಗೆ, ತಲೆ ಬಗ್ಗಿಸಿ ಕುಡಿಯುವಷ್ಟು ಧೈರ್ಯ ಬರಲು ಐದು ತಿಂಗಳು ಬೇಕಾಯಿತು. ಆ ದಿನ ಅವಳ ಗಂಟಲಿನಲ್ಲಿ ಗುಟುಕು ಇಳಿಯುವುದನ್ನು ಎಣಿಸಿದೆ, 61.

ಮೊದಲ ಸ್ಪರ್ಧೆ ಮಹಾರಾಷ್ಟ್ರದ ಒಂದು ಊರಿನಲ್ಲಿ, 40 ಕಿ.ಮೀ. ಅರ್ಧ ದಾರಿಯವರೆಗೆ ದುಲ್ಕಿ ನಡೆಯಲ್ಲೇ, ಅಂದರೆ ಹಗುರ ಓಟದಲ್ಲೇ, ಆರಾಮವಾಗಿ ಬಂದಳು. ಅಲ್ಲಿ ಧ್ವನಿವರ್ಧಕವಿತ್ತು, ಜನರಿದ್ದರು, ಬಿಳಿ ಕೋಟಿನ ಅಪರಿಚಿತ ವೈದ್ಯರಿದ್ದರು. ಸ್ಟೆತಸ್ಕೋಪ್ ಎಡ ಮೊಣಕೈಯ ಹಿಂದೆ ತಾಗಿದ ಕೂಡಲೇ 84. ಕಾದೆವು, ನೀರು ಸುರಿದೆವು, 76. ಸಮಯ ಮುಗಿಯುವಾಗ 68. ನಾಲ್ಕು ಬಡಿತ ಹೆಚ್ಚಾಗಿತ್ತು, ಅಲ್ಲಿಗೆ ನಮ್ಮ ಸವಾರಿ ಮುಗಿಯಿತು. ಲಾರಿಯ ಹಿಂದಿನ ನೆರಳಿಗೆ ಕರೆದೊಯ್ದು ಹತ್ತು ನಿಮಿಷ ಬಿಟ್ಟು ಎಣಿಸಿದರೆ 48. ವೈದ್ಯರು ಅಲ್ಲಿಗೂ ಬಂದು ನೋಡಿ, "ದಣಿದಿಲ್ಲ ತಾಯಿ, ಹೆದರಿದೆ. ಆದರೆ ನನ್ನ ಕಿವಿಗೆ ಎರಡೂ ಒಂದೇ" ಎಂದರು. ಅವರು ಮಾಡಿದ್ದು ಸರಿ. ನಿಯಮ ಅಷ್ಟು ಕಟುವಾಗಿರುವುದರಿಂದಲೇ ನನಗೆ ಈ ಕ್ರೀಡೆಯ ಮೇಲೆ ಗೌರವ.

ತಿರುಗಿ ಬಂದ ಮೇಲೆ ಇಲ್ಲಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದುವ ನಾಲ್ಕೈದು ಹುಡುಗರನ್ನು ಕೇಳಿಕೊಂಡೆ. ದಿನಕ್ಕೊಬ್ಬರು ಬಿಳಿ ಕೋಟು ತೊಟ್ಟು ಬರುವುದು, ಓರೆಯಾಗಿ ಹತ್ತಿರ ಹೋಗುವುದು, ಸ್ಟೆತಸ್ಕೋಪ್ ಇಟ್ಟು ಹತ್ತು ಸೆಕೆಂಡ್ ಕೇಳುವುದು, ಮಾತಿಲ್ಲದೆ ಹೊರಟುಹೋಗುವುದು. ಬಂದವರು ಬೇಡುವುದೂ ಇಲ್ಲ, ಬಡಿಯುವುದೂ ಇಲ್ಲ, ಹೋಗುತ್ತಾರೆ ಎಂದು ಅವಳಿಗೆ ತಿಳಿಯಬೇಕಿತ್ತು. ಅವರು ತಮ್ಮ ಗೆಳೆಯರನ್ನೂ ಕರೆತಂದರು. ಮೂರು ವಾರದ ಹೊತ್ತಿಗೆ ಅಪರಿಚಿತ ಕೈಗೂ 44.

ಈ ಡಿಸೆಂಬರಿನಲ್ಲಿ ಅದೇ ಊರು, ಅದೇ 40 ಕಿ.ಮೀ. ಅರ್ಧದಲ್ಲಿ 56, ಕೊನೆಯಲ್ಲಿ 52. ನಮ್ಮ ಹಿಂದೆ ಇಬ್ಬರೇ ಇದ್ದರು. ಮುಗಿಸಿದರೆ ಗೆದ್ದಂತೆ ಎಂಬುದು ಈ ಸವಾರರ ಮಾತು. ಆ ಲೆಕ್ಕದಲ್ಲಿ ಮಲ್ಲಿ ಗೆದ್ದಳು.

ಊರಿಗೆ ಬಂದ ವಾರಕ್ಕೆ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಬಂದರು, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಗಡಿಗೆ. ಚರಗ ಚೆಲ್ಲಿ ಉಂಡ ಮೇಲೆ ಅತ್ತೆ ಎದ್ದು ರೊಟ್ಟಿಯ ಚೂರೊಂದನ್ನು ಮುರಿದುಕೊಂಡು ಬೇಲಿಯ ಕಡೆ ನಡೆದರು. ಎರಡು ವರ್ಷದಲ್ಲಿ ಅವರು ಬೇಲಿ ದಾಟಿದ್ದು ಅದೇ ಮೊದಲು. ಹಬ್ಬಕ್ಕೆಂದು ಹೊಸ ಬಳೆ ತೊಟ್ಟಿದ್ದರು, ಮುಂಗೈ ತುಂಬ. ಹೆಜ್ಜೆಗೊಮ್ಮೆ ಗಲಗಲ. ನಾನು ಓಡಿಹೋಗಿ ಮಲ್ಲಿಯ ದವಡೆಯ ಕೆಳಗೆ ಬೆರಳಿಟ್ಟೆ. ಅವಳ ಎಡಗಿವಿ ಆ ಸದ್ದಿನ ಕಡೆ ತಿರುಗಿತು, ಬಲಗಿವಿ ನನ್ನ ಕಡೆಯೇ ಉಳಿಯಿತು. ನಾಲ್ಕು ಕಾಲೂ ನೆಲದ ಮೇಲಿದ್ದವು.

ಅತ್ತೆ ಓರೆಯಾಗಿ ಬಂದು, ಅಂಗೈ ಅಗಲಿಸಿ ಹಿಡಿದು ನಿಂತರು. ನನ್ನ ಕಡೆ ನೋಡದೆಯೇ ಕೇಳಿದರು: "ಎಷ್ಟು?"

"ನಲವತ್ತೆರಡು ಅತ್ತೆ" ಎಂದೆ.